ಹದಿನಾಲ್ಕು ಮಣಿಯ ಹಾರ

ಮನೆಯಲ್ಲಿ ಮಕ್ಕಳ ಸ್ಲೇಟು ಇದ್ದರೆ ದಯವಿಟ್ಟು ಕೈಗೆ ತೆಗೆದುಕೊಳ್ಳಿ. ಆರು ಸಲ ಮೂರು, ಬಳಿಕ ಐದು ಸಲ ಆರು, ಕೊನೆಗೆ ಒಂದು ಏಳು, ಹೀಗೆ ಸಾಲಾಗಿ ಬರೆಯಿರಿ: 333333666667. ಇದನ್ನು 33ರಿಂದ ಗುಣಿಸಿ. ಅವಸರವೇನೂ ಇಲ್ಲ. ಬರುವ ಗುಣಲಬ್ಧ 11000011000011.

ಹನ್ನೊಂದು ಲಕ್ಷ ಕೋಟಿಗೂ ತುಸು ಮಿಕ್ಕಿದ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಎರಡೆರಡು ಹವಳ, ನಡುನಡುವೆ ನಾಲ್ಕು ನಾಲ್ಕು ಮುತ್ತು ಕೋಣಿಸಿದಂತಿದೆಯಲ್ಲವೆ? ಈ ಲೆಕ್ಕ ಹಾಕಿದವರಿಗೂ ಹಾಗೆಯೇ ಕಂಡಿತ್ತು. ಇಂಥ ಸಂಖ್ಯೆಗಳನ್ನು ಅವರು ಕೊರಳ ಹಾರವೆಂದೇ ಕರೆದರು.

ಅವರು ಮಹಾವೀರಾಚಾರ್ಯರು, ತೀರ್ಥಂಕರರಲ್ಲ, ಸುಮಾರು ಕ್ರಿ.ಶ. 850ರಲ್ಲಿದ್ದ ಜೈನ ಗಣಿತಜ್ಞರು. ಮಾನ್ಯಖೇಟದಿಂದ, ಎಂದರೆ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ಅಮೋಘವರ್ಷ ನೃಪತುಂಗನನ್ನು ತಮ್ಮ ‘ಗಣಿತಸಾರಸಂಗ್ರಹ’ದ ಮೊದಲಲ್ಲೇ ಹೊಗಳಿದ್ದಾರೆ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಆ ಅರಸನ ಕಾಲದಲ್ಲೇ. ಗುಣಾಕಾರ ಕಲಿಸುವಾಗ ಜಿನಾಲಯಗಳಿಗೆ ಅರ್ಪಿಸಿದ ತಾವರೆಗಳ ಲೆಕ್ಕ, ರತ್ನಗಳ ಲೆಕ್ಕ ಕೊಡುತ್ತ ಬಂದವರು, ನಡುವೆ ಈ ಹಾರಗಳನ್ನು ಶಿಷ್ಯರ ಮುಂದಿಡುತ್ತಾರೆ. ಬಾಯಿಪಾಠದಿಂದ ಬೇಸತ್ತ ಹುಡುಗರನ್ನು ಕಂಡಿದ್ದ ಮೇಷ್ಟರೇ ಇರಬೇಕು!

ಇದರ ಗುಟ್ಟು ಬಹಳ ಸರಳ. ಮೊದಲು ಮೂರರಿಂದ ಗುಣಿಸಿದರೆ 1000001000001 ಬರುತ್ತದೆ. ಇನ್ನು ಹನ್ನೊಂದರಿಂದ ಗುಣಿಸುವುದೆಂದರೆ, ಅದೇ ಸಂಖ್ಯೆಯನ್ನು ಒಂದು ಸ್ಥಾನ ಎಡಕ್ಕೆ ಸರಿಸಿ ಕೂಡುವುದು, ಅಷ್ಟೆ. ಒಂದೊಂದು ಒಂದೂ ಜೋಡಿಯಾಗುತ್ತದೆ, ಐದು ಸೊನ್ನೆ ನಾಲ್ಕಾಗುತ್ತದೆ. ಆದರೆ ಸೊನ್ನೆಯನ್ನೂ ಮಿಕ್ಕ ಅಂಕಗಳಂತೆ ಒಂದು ಸ್ಥಾನದಲ್ಲಿ ಕೂಡಿಸುವ ಪದ್ಧತಿ ಇಲ್ಲದಿದ್ದರೆ ಈ ಆಟವೇ ಇಲ್ಲ. ಹದಿನಾಲ್ಕು ಮಣಿಗಳಲ್ಲಿ ಎಂಟು ಸೊನ್ನೆ! ಸೊನ್ನೆಯನ್ನು ಇಷ್ಟು ಸಲೀಸಾಗಿ ಪೋಣಿಸಿದ ಆಚಾರ್ಯರೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಮಾರ್ಪಡದೆ ಉಳಿಯುತ್ತದೆಂದು ಅದೇ ಗ್ರಂಥದಲ್ಲಿ ಬರೆದು ಎಡವಿದರು. ಈಗ ಅದನ್ನು ಯಾವ ಗಣಿತಜ್ಞರೂ ಒಪ್ಪುವುದಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಮತ್ತೊಂದು ಸಂಗತಿ. ಓಲೆಗರಿಯ ಗ್ರಂಥ ಉಳಿಯಬೇಕಾದರೆ ಹಲವು ತಲೆಮಾರು ಅದನ್ನು ಪ್ರತಿಮಾಡುತ್ತಲೇ ಇರಬೇಕು. ಕಾವ್ಯದಲ್ಲಿ ಒಂದಕ್ಷರ ತಪ್ಪಿದರೆ ಛಂದಸ್ಸಾದರೂ ಎಚ್ಚರಿಸೀತು. ಲೆಕ್ಕದಲ್ಲಿ ಒಂದು ಅಂಕೆ ತಪ್ಪಿದರೆ ಎಚ್ಚರಿಸುವವರು ಯಾರು? ಸ್ಲೇಟಿನ ಮೇಲಿನ ಕೊನೆಯ ಏಳನ್ನು ಅಳಿಸಿ ಆರು ಮಾಡಿ, ಮತ್ತೆ ಗುಣಿಸಿ: 11000010999978. ಹಾರ ಹರಿದೇ ಹೋಯಿತು! ಉತ್ತರ ಹೇಗಿರಬೇಕೆಂದು ಶ್ಲೋಕ ಮೊದಲೇ ಹೇಳಿರುವುದರಿಂದ, ಪ್ರತಿಕಾರನ ಕೈತಪ್ಪನ್ನು ಆ ಸಂಖ್ಯೆಯೇ ಹಿಡಿದುಕೊಡುತ್ತದೆ. ಆಚಾರ್ಯರು ಅದಕ್ಕೆಂದೇ ಹೀಗೆ ಮಾಡಿದರೆನ್ನಲಾರೆ, ಪ್ರಯೋಜನವಂತೂ ಉಂಟು.

ಹೀಗೆ ಸಾವಿರ ವರ್ಷ ದಾಟಿದ ಗ್ರಂಥವನ್ನು ಮದರಾಸಿನ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚುಹಾಕಿಸಿದರು. ಅವರ ಮುಂದಿದ್ದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಕನ್ನಡ ಅನುವಾದದೊಡನೆ ಅದು ಹೊಂಬುಜದಿಂದ ಹೊರಬಂದದ್ದು 2000ದಲ್ಲಿ.

ಸ್ಲೇಟಿನಲ್ಲಿ ಇನ್ನೂ ಜಾಗವಿದ್ದರೆ 152207ನ್ನು 73ರಿಂದ ಗುಣಿಸಿ ನೋಡಿ. ಅದೂ ಅವರದೇ. ಉತ್ತರವನ್ನು ನಾನು ಹೇಳುವುದಿಲ್ಲ.