ಹೊಸ ವರ್ಷದ ಶುಭಾಶಯಕ್ಕೆ ಬಂದ ರಾಯಭಾರಿ

1945ರ ಜನವರಿ 1. ಜರ್ಮನ್ ಸೇನೆಯ ಹಿಡಿತದಿಂದ ಪ್ಯಾರಿಸ್ ಬಿಡುಗಡೆಯಾಗಿ ಆಗಿನ್ನೂ ನಾಲ್ಕು ತಿಂಗಳು. ವಿದೇಶಿ ರಾಯಭಾರಿಗಳೆಲ್ಲ ಜನರಲ್ ಡಿ ಗಾಲ್ ಅವರಿಗೆ ಹೊಸ ವರ್ಷದ ಶುಭಾಶಯ ಕೋರಲು ನೆರೆದಿದ್ದರು. ಎಲ್ಲರ ಪರವಾಗಿ ಮಾತನಾಡಿದವರು ಎರಡೇ ದಿನಗಳ ಹಿಂದೆ ನಗರಕ್ಕೆ ಬಂದಿಳಿದಿದ್ದ 63 ವರ್ಷದ ಇಟಲಿಯ ಆರ್ಚ್‌ಬಿಷಪ್, ಆಂಜೆಲೊ ರೊಂಕಾಲಿ. ಅವರು ಪೋಪ್ ಹನ್ನೆರಡನೆಯ ಪಯಸ್ ಅವರ ರಾಯಭಾರಿ. ಅಂದರೆ 'ನುನ್ಸಿಯೊ'.

ಅಷ್ಟು ತರಾತುರಿಯಲ್ಲಿ ಅವರನ್ನು ಕಳುಹಿಸಿದ್ದೇಕೆ? ಇದಕ್ಕೆ ಉತ್ತರ 1815ರ ವಿಯೆನ್ನಾ ಸಮಾವೇಶದಲ್ಲಿದೆ. ರಾಯಭಾರಿಗಳಲ್ಲಿ ಮೊದಲು ಬಂದವರೇ ಹಿರಿಯರೆಂಬ ನಿಯಮ ಅಲ್ಲಿ ಜಾರಿಗೆ ಬಂತು. ಆದರೆ ಪೋಪ್ ಪ್ರತಿನಿಧಿಗೆ ಸಲ್ಲುತ್ತಿದ್ದ ಅಗ್ರಸ್ಥಾನಕ್ಕೆ ಅದರಿಂದ ಧಕ್ಕೆಯಾಗಲಿಲ್ಲ. ಫ್ರಾನ್ಸಿನಲ್ಲಿ ನುನ್ಸಿಯೊ ಬಂದ ದಿನದಿಂದಲೇ ರಾಯಭಾರಿ ವೃಂದದ ಮುಖ್ಯಸ್ಥ. ಆ ಸ್ಥಾನ ಖಾಲಿ ಉಳಿದಿದ್ದರೆ ಶುಭಾಶಯ ಹೇಳುವ ಸರದಿ ಸೋವಿಯತ್ ರಾಯಭಾರಿ ಬೊಗೊಮೊಲೊವ್ ಅವರದಾಗುತ್ತಿತ್ತು!

ಸ್ಥಾನ ಖಾಲಿಯಾದದ್ದರ ಹಿಂದೆ ಕಹಿ ಕಥೆಯಿದೆ. 1904ರಲ್ಲಿ ಫ್ರಾನ್ಸ್ ವ್ಯಾಟಿಕನ್ ಜೊತೆ ಸಂಬಂಧ ಕಡಿದುಕೊಂಡಿತು. ಮರುವರ್ಷವೇ ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸುವ ಕಾನೂನು ತಂದಿತು. ಸಂಬಂಧ ಮತ್ತೆ ಕುದುರಿದ್ದು 1921ರಲ್ಲಿ. 1936ರಿಂದ ನುನ್ಸಿಯೊ ಆಗಿದ್ದ ವಾಲೆರಿಯೊ ವಾಲೆರಿ, 1940ರಲ್ಲಿ ಫ್ರಾನ್ಸ್ ಸೋತಾಗ ಮಾರ್ಷಲ್ ಪೇತಾಂ ಅವರ ವಿಷಿ ಸರ್ಕಾರದ ಬಳಿ ಉಳಿದರು. ಆ ಸರ್ಕಾರ ಹಿಟ್ಲರನೊಂದಿಗೆ ಕೈಜೋಡಿಸಿತು. ಯುದ್ಧಕಾಲದಲ್ಲಿ ಫ್ರಾನ್ಸಿನಿಂದ ಸುಮಾರು 76 ಸಾವಿರ ಯಹೂದಿಗಳನ್ನು ಸಾವಿನ ಶಿಬಿರಗಳತ್ತ ಸಾಗಿಸಲಾಯಿತು. ಬಿಷಪ್‌ಗಳಲ್ಲಿ ಹಲವರು ಪೇತಾಂಗೆ ನಿಷ್ಠೆ ತೋರಿದರು. ತೂಲೂಸ್‌ನ ಆರ್ಚ್‌ಬಿಷಪ್ ಸಾಲ್ಯೇಜ್ ಅವರಂಥ ಕೆಲವರು ಮಾತ್ರ 1942ರಲ್ಲಿ ಬಹಿರಂಗವಾಗಿ ಪ್ರತಿಭಟಿಸಿದರು.

ಅಧಿಕಾರಕ್ಕೆ ಬಂದ ಡಿ ಗಾಲ್, ವಾಲೆರಿ ಹೋಗಲೇಬೇಕೆಂದು ಹಟ ಹಿಡಿದರು. ವಾಲೆರಿ ವೈಯಕ್ತಿಕವಾಗಿ ತಪ್ಪು ಮಾಡಿದ್ದಾರೆಂಬ ದೂರು ಅದಲ್ಲ. ವಿಷಿ ಸರ್ಕಾರವೇ ಅಸಿಂಧು ಎಂದ ಮೇಲೆ ಅದರ ಬಳಿಯಿದ್ದ ರಾಯಭಾರಿಯನ್ನು ಒಪ್ಪುವುದು ಹೇಗೆ ಎಂಬುದು ಜನರಲ್ ವಾದ. ಕೊನೆಗೆ ವ್ಯಾಟಿಕನ್ ಮಣಿಯಿತು. ನಿರ್ಗಮಿಸುವ ವಾಲೆರಿಗೆ ಫ್ರಾನ್ಸ್ ತನ್ನ 'ಲೀಜನ್ ಆಫ್ ಆನರ್' ಗೌರವ ನೀಡಿ ಬೀಳ್ಕೊಟ್ಟಿತು. ರೈತ ಕುಟುಂಬದಲ್ಲಿ ಹುಟ್ಟಿ, ಬಲ್ಗೇರಿಯ, ಟರ್ಕಿ, ಗ್ರೀಸ್‌ಗಳಲ್ಲಿ ಎರಡು ದಶಕ ಕಳೆದಿದ್ದ ರೊಂಕಾಲಿ ಅವರಿಗೆ ಕರೆ ಬಂದದ್ದು ಆಗ.

ನಿಜವಾದ ಪರೀಕ್ಷೆ ಶುರುವಾದದ್ದು ಶುಭಾಶಯದ ನಂತರ. ವಿಷಿ ಜೊತೆ ಸಹಕರಿಸಿದ ಬಿಷಪ್‌ಗಳನ್ನು ತೆಗೆಯಬೇಕೆಂದು ಸರ್ಕಾರ ಉದ್ದನೆಯ ಪಟ್ಟಿಯನ್ನೇ ಹಿಡಿದಿತ್ತು. ರೊಂಕಾಲಿ ಒಮ್ಮೆಲೇ ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ಒಬ್ಬೊಬ್ಬರ ಮೇಲಿನ ಆರೋಪಕ್ಕೂ ಆಧಾರ ಕೇಳುತ್ತ ಮಾತುಕತೆ ಬೆಳೆಸಿದರು. ಕಡೆಗೆ ಪದವಿ ಬಿಟ್ಟವರು ಬೆರಳೆಣಿಕೆಯಷ್ಟು ಮಂದಿ. ಇತ್ತ ಪ್ರತಿಭಟಿಸಿದ್ದ ಸಾಲ್ಯೇಜ್ 1946ರಲ್ಲಿ ಕಾರ್ಡಿನಲ್ ಆದರು. ಚರ್ಚು ಒಡೆಯದಂತೆ ಕಾಪಾಡಿದ ಜಾಣ್ಮೆ ಇದೆಂದು ಹೊಗಳುವವರಿದ್ದಾರೆ. ತಪ್ಪಿತಸ್ಥರು ಸುಲಭವಾಗಿ ಪಾರಾದರೆಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು.

ಸೋತವರನ್ನೂ ಅವರು ಮರೆಯಲಿಲ್ಲ. ಶಾರ್ತ್ರ್ ನಗರದ ಬಳಿಯ ಯುದ್ಧಕೈದಿಗಳ ಶಿಬಿರದಲ್ಲಿ, ಪಾದ್ರಿಗಳಾಗಬೇಕಿದ್ದ ಜರ್ಮನ್ ಯುವಕರಿಗಾಗಿ ಮುಳ್ಳುತಂತಿಯೊಳಗೇ ಗುರುಮಠವೊಂದು ನಡೆಯುತ್ತಿತ್ತು. ಪೋಪ್ ಪ್ರತಿನಿಧಿ ಅಲ್ಲಿಗೆ ಹಲವು ಬಾರಿ ಹೋಗಿಬಂದರು. ಜರ್ಮನ್ನರ ಮೇಲಿನ ಆಕ್ರೋಶ ಇನ್ನೂ ಆರಿರದ ದಿನಗಳವು.

1953ರ ಜನವರಿಯಲ್ಲಿ ರೊಂಕಾಲಿ ಕಾರ್ಡಿನಲ್ ಆದಾಗ, ಎಲಿಸೇ ಅರಮನೆಯಲ್ಲಿ ಅವರ ತಲೆಗೆ ಕೆಂಪು ಟೊಪ್ಪಿಗೆ ತೊಡಿಸಿದವರು ಸಮಾಜವಾದಿ ಅಧ್ಯಕ್ಷ ವಿನ್ಸೆಂಟ್ ಓರಿಯೋಲ್. ಕಾರ್ಡಿನಲ್‌ಗಳ ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರೂ ಇತ್ತು: ವಾಲೆರಿಯೊ ವಾಲೆರಿ.

1958ರಲ್ಲಿ ರೊಂಕಾಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಆದರು. ಮುಂದಿನ ವರ್ಷ ಫ್ರಾನ್ಸಿನ ಅಧ್ಯಕ್ಷರೊಬ್ಬರು ಅವರನ್ನು ಕಾಣಲು ವ್ಯಾಟಿಕನ್‌ಗೆ ಬಂದರು. 1945ರ ಆ ಶುಭಾಶಯ ಸ್ವೀಕರಿಸಿದ್ದ ಡಿ ಗಾಲ್ ಅವರೇ ಆ ಅತಿಥಿ.