ಕೆಂಪುಕೋಟೆಯ ಮೂರು ವಿಚಾರಣೆಗಳು

ನ್ಯಾಯದ ಇತಿಹಾಸವನ್ನು ಅರಿಯಬಯಸುವವರು ಸಾಮಾನ್ಯವಾಗಿ ಸ್ಮೃತಿಗ್ರಂಥಗಳನ್ನೂ ಶಾಸನಗಳನ್ನೂ ತೀರ್ಪುಗಳನ್ನೂ ಆಶ್ರಯಿಸುತ್ತಾರೆ. ವಿಚಾರಣೆ ನಡೆದ ಸ್ಥಳವೂ ಇತಿಹಾಸಕಾರನಿಗೆ ಒಂದು ಆಧಾರವೇ. ದೆಹಲಿಯ ಕೆಂಪುಕೋಟೆ ಇದಕ್ಕೆ ಉತ್ತಮ ನಿದರ್ಶನ. ಕೋಟೆಯೊಳಗೆ ಬ್ರಿಟಿಷರು ಕಟ್ಟಿದ ಸೇನಾವಸತಿಯಲ್ಲಿ ೨೦೧೯ರ ಜನವರಿ ೨೩ರಂದು ಸುಭಾಷಚಂದ್ರ ಬೋಸರಿಗೂ ಆಜಾದ್ ಹಿಂದ್ ಫೌಜಿಗೂ ಸಂಬಂಧಿಸಿದ ವಸ್ತುಸಂಗ್ರಹಾಲಯವು ಆರಂಭವಾಯಿತು. ಅಲ್ಲಿಗೆ ಹೋದವರು ಖಡ್ಗ, ಸಮವಸ್ತ್ರ, ಪದಕಗಳನ್ನು ಕಂಡು ಹಿಂದಿರುಗಿದರೆ ಸಾಲದು; ಇದೇ ಕೋಟೆಯೊಳಗೆ ಸುಮಾರು ತೊಂಬತ್ತು ವರ್ಷಗಳ ಅಂತರದಲ್ಲಿ ಮೂರು ಮಹತ್ತ್ವದ ವಿಚಾರಣೆಗಳು ನಡೆದುವೆಂಬುದನ್ನೂ ನೆನೆಯಬೇಕು.

ಮೊದಲನೆಯದು ಬಹಾದುರ್ ಷಾನ ವಿಚಾರಣೆ. ೧೮೫೮ರ ಜನವರಿ ೨೭ರಿಂದ ಮಾರ್ಚ್ ೯ರವರೆಗೆ, ಅವನ ಪೂರ್ವಜರು ಆಸ್ಥಾನ ನಡೆಸಿದ್ದ ದಿವಾನ್-ಎ-ಖಾಸ್‌ನಲ್ಲಿಯೇ ಆಂಗ್ಲ ಸೇನಾಧಿಕಾರಿಗಳ ಆಯೋಗವು ಕುಳಿತಿತು. ಬ್ರಿಟಿಷ್ ಸರ್ಕಾರದ ಪ್ರಜೆಯಾಗಿದ್ದೂ ತಾನೇ ದೊರೆಯೆಂದು ಸಾರಿಕೊಂಡ ರಾಜದ್ರೋಹವು ಅವನ ಮೇಲಣ ಆರೋಪಗಳಲ್ಲೊಂದು. ಆದರೆ ಕಂಪನಿಯು ೧೭೬೫ರಲ್ಲಿ ಬಂಗಾಳದ ದಿವಾನಿಯನ್ನು ಪಡೆದದ್ದು ಮೊಗಲ್ ಬಾದಷಹನಿಂದಲೇ. ೧೮೩೫ರವರೆಗೂ ಅದರ ನಾಣ್ಯಗಳು ಮೊಗಲರ ಹೆಸರನ್ನು ಹೊತ್ತಿದ್ದುವು. ಹಾಗಾದರೆ ದ್ರೋಹಿ ಯಾರು? ಎಫ್. ಡಬ್ಲ್ಯು. ಬಕ್ಲರ್ ಎಂಬ ಇತಿಹಾಸಕಾರನು ೧೯೨೨ರಲ್ಲಿ ಕಂಪನಿಯೇ ದಂಗೆಯೆದ್ದ ಸಾಮಂತನೆಂದು ವಾದಿಸಿದನು. ಆಯೋಗಕ್ಕೆ ಮಾತ್ರ ತನ್ನ ಅಧಿಕಾರದ ಮೂಲವು ಪ್ರಶ್ನೆಯೇ ಆಗಿರಲಿಲ್ಲ. ವೃದ್ಧ ಬಾದಷಹನನ್ನು ರಂಗೂನಿಗೆ ಕಳುಹಿಸಲಾಯಿತು. ೧೮೬೨ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು.

ಎರಡನೆಯ ವಿಚಾರಣೆಯು ೧೯೪೫ರ ನವೆಂಬರ್ ೫ರಂದು ಮೊದಲಾಯಿತು. ಆಜಾದ್ ಹಿಂದ್ ಫೌಜಿನ ಷಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಇವರು ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದರೆಂಬುದು ಮುಖ್ಯ ಆರೋಪ. ೧೮೫೮ರಲ್ಲಿ ಕೇಳದೆ ಉಳಿದ ಪ್ರಶ್ನೆಯನ್ನು ಭೂಲಾಭಾಯಿ ದೇಸಾಯಿಯವರು ಸೇನಾ ನ್ಯಾಯಾಲಯದ ಮುಂದೆಯೇ ಎತ್ತಿದರು: ಪರಾಧೀನವಾದ ಜನಾಂಗಕ್ಕೆ ತನ್ನ ಬಿಡುಗಡೆಗಾಗಿ ಯುದ್ಧ ಮಾಡುವ ಹಕ್ಕು ಇದೆಯೇ? ನ್ಯಾಯಾಲಯವು ಅದನ್ನು ಒಪ್ಪದೆ ಆಜೀವ ಗಡೀಪಾರಿನ ಶಿಕ್ಷೆ ವಿಧಿಸಿತು. ಆದರೆ ದೇಶವೇ ಕೆರಳಿತ್ತು. ೧೯೪೬ರ ಜನವರಿಯಲ್ಲಿ ಸೇನಾಪತಿ ಆಕಿನ್‌ಲೆಕ್ ಗಡೀಪಾರನ್ನು ರದ್ದುಪಡಿಸಬೇಕಾಯಿತು. ಆಳುವವರ ಕಾನೂನು ಉಳಿದಿತ್ತು. ಅದನ್ನು ಜಾರಿಗೆ ತರುವ ನೈತಿಕಬಲವು ಕುಂದಿತ್ತು.

ಮೂರನೆಯದು ಗಾಂಧೀಜಿಯವರ ಹತ್ಯೆಯ ಮೊಕದ್ದಮೆ. ೧೯೪೮ರ ಮೇ ೨೭ರಿಂದ ವಿಶೇಷ ನ್ಯಾಯಾಧೀಶ ಆತ್ಮಚರಣರು ಅದನ್ನು ನಡೆಸಿ, ೧೯೪೯ರ ಫೆಬ್ರವರಿ ೧೦ರಂದು ತೀರ್ಪಿತ್ತರು. ಎಂಟು ಮಂದಿ ಆಪಾದಿತರಲ್ಲಿ ಒಬ್ಬರ ಬಿಡುಗಡೆಯಾಯಿತು, ಏಳು ಮಂದಿಗೆ ಶಿಕ್ಷೆಯಾಯಿತು. ಸಿಮ್ಲಾದಲ್ಲಿದ್ದ ಪೂರ್ವ ಪಂಜಾಬಿನ ಉಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ಆಲಿಸಿ, ಆ ಏಳು ಮಂದಿಯಲ್ಲಿ ಇಬ್ಬರನ್ನು ಜೂನ್ ತಿಂಗಳಿನಲ್ಲಿ ಬಿಡುಗಡೆ ಮಾಡಿತು. ರಾಷ್ಟ್ರಪಿತನನ್ನೇ ಕಳೆದುಕೊಂಡು ನೊಂದಿದ್ದ ದೇಶವೊಂದು ತನ್ನ ನ್ಯಾಯಾಲಯದ ನಿರ್ಣಯವನ್ನು ಮತ್ತೊಂದು ನ್ಯಾಯಾಲಯವು ತಿದ್ದಲು ಎಡೆಗೊಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿ ಒಂದು ಅಂಶ ಗಮನಾರ್ಹ. ಎರಡನೆಯ ಮತ್ತು ಮೂರನೆಯ ವಿಚಾರಣೆಗಳೆರಡಕ್ಕೂ ಆಧಾರವಾದದ್ದು ೧೮೬೦ರ ದಂಡಸಂಹಿತೆಯೇ. ಅದು ೨೦೨೪ರವರೆಗೂ ಬಳಕೆಯಲ್ಲಿತ್ತು. ಆದುದರಿಂದ ವ್ಯತ್ಯಾಸವನ್ನು ಕಾನೂನಿನ ಅಕ್ಷರಗಳಲ್ಲಿ ಮಾತ್ರ ಹುಡುಕಲಾಗದು. ತನ್ನ ಅಧಿಕಾರವನ್ನು ಪ್ರಶ್ನಿಸಲು ಬಿಡದ ನ್ಯಾಯಸ್ಥಾನ, ಪ್ರಶ್ನೆಯನ್ನು ಕೇಳಿಯೂ ತಳ್ಳಿಹಾಕಿದ ನ್ಯಾಯಸ್ಥಾನ, ತನ್ನ ತೀರ್ಪನ್ನು ಪರಾಮರ್ಶೆಗೆ ಒಪ್ಪಿಸಿದ ನ್ಯಾಯಸ್ಥಾನ: ಈ ಮೂರನ್ನೂ ಒಂದೇ ಕೋಟೆ ಕಂಡಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು ವಸ್ತುಗಳನ್ನು ತೋರಿಸಿದ ತರುವಾಯ, ದಿವಾನ್-ಎ-ಖಾಸ್‌ನ ಎದುರಿನಲ್ಲಿ ಒಂದು ಕ್ಷಣ ನಿಂತು, ಇಲ್ಲಿ ತೀರ್ಪು ನೀಡಿದವರಿಗೆ ಆ ಅಧಿಕಾರವನ್ನು ಕೊಟ್ಟವರು ಯಾರೆಂದು ಕೇಳುವುದು ಉಚಿತ.