ಎಸ್‌ಟಿಡಿ ಬೂತಿನ ಲೆಕ್ಕ, ಸಲೂನ್ ಫ್ರಾಂಚೈಸಿಯ ಲೆಕ್ಕ

ನಮ್ಮೂರ ಕಟಿಂಗ್ ಶಾಪಿನ ಅಣ್ಣ ಹೋದ ತಿಂಗಳು ನನ್ನನ್ನು ಕೂರಿಸಿಕೊಂಡು ಕೇಳಿದರು: "ಒಂದು ಕಂಪನಿಯವರು ಸಲೂನ್ ಫ್ರಾಂಚೈಸಿ ಕೊಡ್ತೀವಿ ಅಂತಿದಾರೆ. ಹೊಲ ಅಡ ಇಟ್ಟು ತಗೊಳ್ಳಲಾ? ನೀನು ಪೇಪರಿನವನು, ಹೇಳು."

ನನಗೆ ನೆನಪಾದದ್ದು ಎಸ್‌ಟಿಡಿ ಬೂತ್.

ಈಗಿನ ಹುಡುಗರು ಅದನ್ನು ನೋಡಿಲ್ಲ. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು. ರಾತ್ರಿ ದರ ಇಳಿಯುವುದನ್ನೇ ಕಾದು ಜನ ಸಾಲು ನಿಲ್ಲುತ್ತಿದ್ದರು. ಬೂತ್ ಇಟ್ಟವರಿಗೆ ಟೆಲಿಫೋನ್ ಇಲಾಖೆಯ ಕಾಗದದಲ್ಲಿ ಇದ್ದ ಹೆಸರೂ ಫ್ರಾಂಚೈಸಿ ಅಂತಲೇ. ಲೈನು, ದರ ಇಲಾಖೆಯದು; ಜಾಗ, ದುಡಿಮೆ ನಿಮ್ಮದು; ಕರೆಯ ಹಣದಲ್ಲಿ ಕಮಿಷನ್.

ಎಸ್‌ಟಿಡಿ ಈ ದೇಶಕ್ಕೆ ಬಂದದ್ದು 1960ರಲ್ಲಿ, ಕಾನ್ಪುರ-ಲಖನೌ ನಡುವೆ. ಹಳ್ಳಿಯವರು ಆಮೇಲೂ ಬಹಳ ವರ್ಷ ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯಲ್ಲಿ ಕಾಯುತ್ತಿದ್ದರು. 1984ರಲ್ಲಿ ಸಿ-ಡಾಟ್ ಸಂಸ್ಥೆ ಶುರುವಾಯಿತು. ಸ್ಯಾಮ್ ಪಿತ್ರೋಡಾ ಮತ್ತು ಅವರ ಜೊತೆಯವರು ನಮ್ಮ ಧೂಳು, ಬಿಸಿಲು ತಡೆಯುವ, ಎ.ಸಿ. ಕೇಳದ ಸಣ್ಣ ಎಕ್ಸ್‌ಚೇಂಜ್ ಮಾಡಿದರು. 1986ರಲ್ಲಿ ಅದು ಮೊದಲು ಬಂದು ಕೂತದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರೇ! ಈ ವಿಷಯ ಅಲ್ಲಿಯವರಲ್ಲೇ ಎಷ್ಟು ಜನಕ್ಕೆ ಗೊತ್ತೋ.

ಆಮೇಲೆ ಬೂತುಗಳು ಬಸ್‌ಸ್ಟ್ಯಾಂಡಿಗೊಂದು, ಸಂತೆಗೊಂದು ಎದ್ದವು. ಅಂಗವಿಕಲರು, ವಿಧವೆಯರು, ಮಾಜಿ ಸೈನಿಕರು ಎಷ್ಟೋ ಜನ ಅದರಲ್ಲೇ ಮನೆ ನಡೆಸಿದರು. ಅಂದಿನ ಮಟ್ಟಿಗೆ ಅದು ಒಳ್ಳೆಯ ವ್ಯಾಪಾರವೇ. ಊರಲ್ಲಿ ಫೋನಿಲ್ಲ, ಗಿರಾಕಿ ತಾನಾಗೇ ಬರುತ್ತಾನೆ, ಹಾಕುವ ಬಂಡವಾಳವೂ ಕಡಿಮೆ.

ಆದರೆ ದರ ಕಟ್ಟುತ್ತಿದ್ದದ್ದು ದಿಲ್ಲಿಯಲ್ಲಿ. ನಿಮಿಷಕ್ಕೆ 10 ರೂಪಾಯಿ ಇದ್ದ ಕರೆ 1 ರೂಪಾಯಿಗೆ ಇಳಿಯಿತು ಅನ್ನಿ, ಬೂತಿನವನ ಪಾಲೂ ಹತ್ತರಲ್ಲೊಂದಾಗುತ್ತದೆ. ಬಾಡಿಗೆ ಇಳಿಯುತ್ತದೆಯೇ? 2003ರಲ್ಲಿ ಮೊಬೈಲಿಗೆ ಬರುವ ಕರೆ ಪುಕ್ಕಟೆ ಆಯಿತು. 2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಎಂದಿತು. ಲೈನು ಕೊಟ್ಟವರೇ ಬೂತನ್ನು ಖಾಲಿ ಮಾಡಿಸಿದ ಹಾಗೆ. ಪಕ್ಕದಲ್ಲಿ ಜೆರಾಕ್ಸ್ ಮಿಷನ್ ಇಟ್ಟವರು, ರೀಚಾರ್ಜ್ ಹಿಡಿದವರು ಉಳಿದರು. ಬೋರ್ಡನ್ನೇ ನಂಬಿದವರು ಗಾಜಿನ ಗೂಡನ್ನು ಗುಜರಿಗೆ ಹಾಕಿದರು.

ಅಣ್ಣನ ವಿಷಯ ಬೇರೆ. ಬೂತಿಗೆ ಜನ ಬರುತ್ತಿದ್ದದ್ದು ಲೈನಿಗಾಗಿ; ಅಣ್ಣನ ಅಂಗಡಿಗೆ ಬರುವುದು ಅವರ ಕೈಗಾಗಿ. ಅಪ್ಪನ ಕಾಲದಿಂದ ಬರುವ ಗಿರಾಕಿಗಳಿದ್ದಾರೆ. ಅವರನ್ನು ಕಂಪನಿ ಬೋರ್ಡಿನ ಕೆಳಗೆ ಕೂರಿಸಿ, ತಿಂಗಳು ತಿಂಗಳು ಪಾಲು ಕೊಡಬೇಕು. ನನ್ನ ಕೇಳಿದರೆ, ಹೊಲ ಅಡ ಇಡುವಷ್ಟು ಬೆಲೆ ಆ ಬೋರ್ಡಿಗಿಲ್ಲ. ಹೊಸದಾಗಿ ಕೆಲಸಕ್ಕೆ ಇಳಿಯುವ, ಕೈಯಲ್ಲಿ ಗಿರಾಕಿಯೇ ಇಲ್ಲದ ಹುಡುಗನಿಗಾದರೆ ಯೋಚಿಸಬಹುದು.

ಇಬ್ಬರೂ ಕೂತು ಕರಾರು ಪತ್ರ ಓದಿದೆವು. ಪಾಲು ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ. ಕಟಿಂಗ್ ದರ ಅವರದು, ಕ್ರೀಮು ಶಾಂಪೂ ಅವರಿಂದಲೇ ಕೊಳ್ಳಬೇಕು. ಕೊನೆಯ ಪುಟದಲ್ಲಿ ಇನ್ನೊಂದು: ಕರಾರು ಮುಗಿದ ಮೇಲೆ ಎರಡು ವರ್ಷ ಅದೇ ಊರಲ್ಲಿ ಸ್ವಂತ ಸಲೂನ್ ಇಡುವ ಹಾಗಿಲ್ಲ.

ಅಣ್ಣ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಕಂಪನಿಯವರಿಗೆ ಫೋನ್ ಮಾಡಿ, ಅದನ್ನು ತೆಗೆದು, ಪೂರ್ತಿ ಪತ್ರ ಕನ್ನಡದಲ್ಲಿ ಕಳಿಸಿ ಅಂದರು. ಮೂರು ವಾರ ಆಯಿತು, ಇನ್ನೂ ಬಂದಿಲ್ಲ.